ಲಾಲ್‌ಬಾಗಿನಲ್ಲಿ ಗಟ್ಟಿಮೇಳ

ನಮ್ಮ ಭಾವ ಪುಟ್ಟಯ್ಯನವರ ಬಗ್ಗೆ ಬರೆಯಿರಿ ಎಂದು ನನ್ನನ್ನು ಯಾರೂ ಕೇಳಿಲ್ಲ. ಯಾರಾದರೂ ಕೇಳಲಿ ಎಂದು ಕಾಯುತ್ತಾ ಕೂತರೆ ಆಗುವ ಕೆಲಸವಲ್ಲ ಇದು. ಪೇಪರಿನಲ್ಲಿ ದಿನಾ ಯಾರ್ಯಾರದೋ ಫೋಟೋ ಹಾಕಿ ಸಾಧಕರು ಅಂತ ಬರೆಯುತ್ತಾರೆ. ಈ ಊರಿನಲ್ಲಿ ಎಷ್ಟೋ ಜನರ ಮದುವೆಗೆ ಊದಿದ ಮನುಷ್ಯನ ಬಗ್ಗೆ ಒಂದು ಸಾಲೂ ಬಂದಿಲ್ಲ. ನಿಮ್ಮ ಮನೆಯ ಮದುವೆ ಆಲ್ಬಂ ತೆಗೆದು ನೋಡಿ, ಓಲಗದವರು ಅದರಲ್ಲಿ ಇರುವುದೇ ಇಲ್ಲ. ಇದ್ದರೂ ಯಾರದೋ ಭುಜದ ಹಿಂದೆ ಅರ್ಧ ಪೇಟ ಕಂಡರೆ ಹೆಚ್ಚು. ಅದಕ್ಕೇ ನಾನೇ ಬರೆಯಲು ಕೂತಿದ್ದೇನೆ. ನಾನು ನಾರಾಯಣಪ್ಪ, ಅವರ ಹೆಂಡತಿ ಬೈರಮ್ಮನ ತಮ್ಮ, ಅವರ ಪಕ್ಕದಲ್ಲಿ ಕೂತು ಡೋಲು ಬಾರಿಸುವವನು. ಡೋಲಿನ ಸದ್ದಿಗೆ ನನ್ನ ಎಡಗಿವಿ ಮಂದವಾಗಿದೆ, ಹಾಗಾಗಿ ಮಾತು ಕೊಂಚ ಜೋರು. ಬರವಣಿಗೆಯೂ ಹಾಗೇ ಇದ್ದರೆ ಸಹಿಸಿಕೊಳ್ಳಿ.

ಭಾವ ಹುಟ್ಟಿದ್ದು ಮಾಗಡಿ ಕಡೆಯ ಹಳ್ಳಿಯಲ್ಲಿ. ಅವರ ಅಪ್ಪ ಬೆಳಗ್ಗೆ ದೇವಸ್ಥಾನದಲ್ಲಿ ಊದಿ, ಆಮೇಲೆ ಹೊಲಕ್ಕೆ ಹೋಗಿ ಕಳೆ ಕೀಳುತ್ತಿದ್ದವರು. ಮೀಸೆ ಮೂಡುವ ಮೊದಲೇ ಭಾವ ಚಾಮರಾಜಪೇಟೆಗೆ ಬಂದು ಸೋದರಮಾವನ ಮನೆಯಲ್ಲಿದ್ದುಕೊಂಡು ನಾಗಸ್ವರ ಕಲಿತರು. ಅವತ್ತಿನಿಂದ ಅದೇ ಪೇಟೆ, ಅದೇ ವಠಾರ. ಎನ್.ಆರ್. ಕಾಲೋನಿಯೋ ಮಲ್ಲೇಶ್ವರವೋ ಕುಮಾರ ಪಾರ್ಕೋ, ಛತ್ರ ಎಲ್ಲಿದ್ದರೂ ಅಡುಗೆಯವರು ಒಲೆ ಹಚ್ಚುವ ಹೊತ್ತಿಗೆ ನಾವು ಚಾಪೆ ಹಾಸಿರುತ್ತಿದ್ದೆವು. ಮುಹೂರ್ತ ಮುಗಿಯುವ ತನಕ ಭಾವ ಕಾಫಿ ಬಿಟ್ಟರೆ ಬೇರೇನೂ ಮುಟ್ಟುವವರಲ್ಲ. ಸಿಟ್ಟು ಎನ್ನುವುದು ಅವರ ಹತ್ತಿರ ಸುಳಿದಿಲ್ಲ. ಯಾರೋ ಬೀಗರು "ಏ ಓಲಗದೋರೇ, ಜೋರಾಗ್ ಊದ್ರಪ್ಪಾ" ಎಂದು ಚಪ್ಪಾಳೆ ತಟ್ಟಿದರೆ ನನಗೆ ಮೈಯೆಲ್ಲ ಉರಿದುಹೋಗುತ್ತದೆ. ಭಾವ ನಕ್ಕು ತಲೆಯಾಡಿಸುತ್ತಾರೆ. ಅವರ ಪಾಲಿನ ಸಿಟ್ಟನ್ನೂ ಇಷ್ಟು ವರ್ಷ ನಾನೇ ಮಾಡಿಕೊಂಡು ಬಂದಿದ್ದೇನೆ.

ಗಟ್ಟಿಮೇಳ ಯಾಕೆ ಬೇಕು ಅಂತ ಈಗಿನವರಿಗೆ ಗೊತ್ತಿಲ್ಲ, ಹೇಳಿಬಿಡುತ್ತೇನೆ. ತಾಳಿ ಕಟ್ಟುವ ಗಳಿಗೆಯಲ್ಲಿ ಯಾರಾದರೂ ಸೀನಬಹುದು, ಯಾರ ಬಾಯಿಂದಲಾದರೂ ಬೇಡದ ಮಾತು ಬರಬಹುದು. ಅದು ಹುಡುಗ ಹುಡುಗಿಯ ಕಿವಿಗೆ ಬೀಳಬಾರದು. ಪುರೋಹಿತರು ಕೈಯೆತ್ತಿ "ಗಟ್ಟಿಮೇಳ" ಎಂದ ಕೂಡಲೇ ನಾಗಸ್ವರ, ಡೋಲು ಒಟ್ಟಿಗೆ ಮೊರೆಯಬೇಕು. ಕೊನೆಯ ಗಂಟು ಬೀಳುವವರೆಗೆ ಸದ್ದು ಕಡಿಯಬಾರದು. ಭಾವನ ಒಬ್ಬಳೇ ಮಗಳು ಯಶಶ್ರೀ ಸಣ್ಣವಳಿದ್ದಾಗ ರಜೆಯಲ್ಲಿ ನಮ್ಮ ಜೊತೆ ಮದುವೆಗಳಿಗೆ ಬರುತ್ತಿದ್ದಳು. ಒಮ್ಮೆ ವಾಪಸ್ಸು ಬರುವಾಗ ಬಸ್ಸಿನಲ್ಲಿ ಕೇಳಿದಳು.

"ಅಪ್ಪಾ, ನನ್ ಮದ್ವೆಗೆ ಗಟ್ಟಿಮೇಳ ಯಾರು ಊದ್ತಾರೆ?"

"ನಾನೇ ಕಣವ್ವ."

"ನೀನು ಧಾರೆ ಎರೀಬೇಕಲ್ಲ?"

"ಎರೆದು, ಕೈ ಒರೆಸ್ಕೊಂಡು ಊದ್ತೀನಿ."

ಆ ಹುಡುಗಿ ಅದನ್ನು ಮರೆಯಲಿಲ್ಲ. ಓದಿ, ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ ಮೇಲೂ ಮದುವೆಯ ಮಾತು ಬಂದಾಗಲೆಲ್ಲ "ಹುಡುಗ ಯಾರಾದ್ರೂ ಸರಿ, ಊದೋರು ಮಾತ್ರ ಅಪ್ಪ" ಎಂದು ಅಕ್ಕನನ್ನು ರೇಗಿಸುತ್ತಿದ್ದಳು. ಭಾವನೂ ಬಾಯಲ್ಲಿ ಹೇಳದಿದ್ದರೂ ಆ ಒಂದು ಗಳಿಗೆಗಾಗಿ ಕಾಯುತ್ತಿದ್ದರು ಎಂದು ನನಗೆ ಚೆನ್ನಾಗಿ ಗೊತ್ತು.

ಹೋದ ಮಾಘದಲ್ಲಿ ಅವಳಿಗೆ ಗಂಡು ಗೊತ್ತಾಯಿತು. ಹುಡುಗ ಕೈಲಾಸ್, ಮಾಮೂಲ್‌ಪೇಟೆಯಲ್ಲಿ ಅಪ್ಪನ ಅಂಗಡಿ ನೋಡಿಕೊಳ್ಳುವವನು, ಮೆತ್ತಗಿನ ಮಾತಿನವನು. ಶ್ರಾವಣಕ್ಕೆ ಮದುವೆ ಎಂದಾಯಿತು. ಆ ಮಾಘದಲ್ಲೇ ಮಲ್ಲೇಶ್ವರದ ಒಂದು ಮದುವೆಯಲ್ಲಿ, ಮುಹೂರ್ತ ಮುಗಿಸಿ ಊಟಕ್ಕೆ ಕೂತಾಗ, ಭಾವ ಕೋಡುಬಳೆ ಕಚ್ಚಿದರು. ಮುಂದಿನ ಹಲ್ಲು ಕೋಡುಬಳೆಯ ಜೊತೆಗೇ ಬಂದುಬಿಟ್ಟಿತು. ಹಲ್ಲಿನ ಡಾಕ್ಟರು ನೋಡಿ, ಒಸಡು ಪೂರ್ತಿ ಹಾಳಾಗಿದೆ, ಮೇಲಿನ ಸಾಲಿನಲ್ಲಿ ಒಂದೂ ನಿಲ್ಲುವುದಿಲ್ಲ ಎಂದರು. ಎಲೆ ಅಡಿಕೆ ಹೊಗೆಸೊಪ್ಪು ಬಿಡಿ ಎಂದು ಅಕ್ಕ ಎಷ್ಟು ವರ್ಷದಿಂದ ಬಡಿದುಕೊಂಡಿದ್ದಳೋ. ಎಲ್ಲ ತೆಗೆಸಿ, ಒಸಡು ಮಾಯ್ದ ಮೇಲೆ ಕಟ್ಟಿಸಿದ ಹಲ್ಲಿನ ಸೆಟ್ಟು ಹಾಕಿಸಿದ್ದಾಯಿತು. ಸೆಟ್ಟೇನೋ ಚೆನ್ನಾಗಿಯೇ ಕೂತಿತ್ತು. ಭಾವ ನಕ್ಕರೆ ಮದುಮಗನ ಹಾಗೆ ಕಾಣುತ್ತಿದ್ದರು.

ಆದರೆ ನಾಗಸ್ವರಕ್ಕೆ ಬೇಕಾದದ್ದು ನಗು ಅಲ್ಲ. ಬಾಯಿಗಿಟ್ಟುಕೊಳ್ಳುವ ಪೀಪಿಯನ್ನು ತುಟಿ ಹಿಡಿಯುತ್ತದೆ, ತುಟಿಯನ್ನು ಒಳಗಿನಿಂದ ಹಲ್ಲು ಹಿಡಿಯುತ್ತದೆ. ಹಲ್ಲು ಅಲ್ಲಾಡಿದರೆ ತುಟಿ ಸಡಿಲ, ತುಟಿ ಸಡಿಲವಾದರೆ ಬರುವುದು ಬರೀ ಗಾಳಿ. ಸೆಟ್ಟು ಹಾಕಿಸಿಕೊಂಡು ಬಂದ ದಿನ ಭಾವ ಮನೆಯಲ್ಲಿ ಬಾಗಿಲು ಹಾಕಿಕೊಂಡು ಊದಿ ನೋಡಿದರು. ಕುಕ್ಕರಿನ ಹಾಗೆ ಬುಸ್ಸೆಂದು, ಸೆಟ್ಟು ಕಳಚಿ ನಾಲಿಗೆಯ ಮೇಲೆ ಬಿತ್ತು. ಮತ್ತೆ ಊದಿದರು, ಮತ್ತೆ ಬಿತ್ತು. ನಾಗಸ್ವರವನ್ನು ಒರೆಸಿ, ಚೀಲದಲ್ಲಿಟ್ಟು, ಅಟ್ಟದ ಮೇಲಿಟ್ಟರು.

"ನಾರಾಯಣ, ಮದ್ವೆಗೆ ಬೇರೆ ಯಾರ್ನಾದ್ರೂ ನೋಡಪ್ಪ," ಎಂದರು, ತರಕಾರಿ ತಾ ಎನ್ನುವ ದನಿಯಲ್ಲಿ.

ಆಮೇಲೆ ಅವರು ಆ ಮಾತೇ ಎತ್ತಲಿಲ್ಲ. ಮಗಳ ಮುಖ ಕಂಡರೆ ಎದ್ದು ಬೀದಿಗೆ ಹೋಗಿಬಿಡುತ್ತಿದ್ದರು. ಊಟದಲ್ಲಿ ರುಚಿಯಿಲ್ಲ, ಜನರ ಜೊತೆ ಮಾತಿಲ್ಲ. ಒಂದು ದಿನ ಅಕ್ಕ ನನ್ನ ಮೇಲೆ ಹರಿಹಾಯ್ದಳು.

"ಏನೋ, ಡೋಲು ಬಡಿಯೋಕಷ್ಟೇನಾ ನೀನಿರೋದು? ಅವ್ರನ್ನ ಎಲ್ಲಾದ್ರೂ ಕರ್ಕೊಂಡ್ ಹೋಗಿ ಊದ್ಸೋ. ಮನೇಲಿ ಊದಲ್ಲ ಅವ್ರು."

ಮನೆಯಲ್ಲಿ ಹೇಗೆ ಊದುತ್ತಾರೆ? ನಮ್ಮ ವಠಾರದಲ್ಲಿ ಒಂದು ಮನೆಯ ಒಗ್ಗರಣೆಗೆ ಪಕ್ಕದ ಮನೆಯವರು ಕೆಮ್ಮುತ್ತಾರೆ. ಇಷ್ಟು ವರ್ಷ ಭಾವನ ಸಾಧನೆ ಕೇಳಿಯೇ ಎದ್ದ ಜನ ಅವರು. ಅವರ ಕಿವಿಗೆ ಈ ಬುಸಬುಸ ಬೀಳುವುದು ಭಾವನಿಗೆ ಬೇಡ. ದೇವಸ್ಥಾನದಲ್ಲಿ ಅಪಸ್ವರ ಊದುವುದಂತೂ ಕನಸಿನ ಮಾತು. ಆಗ ನನಗೆ ಹೊಳೆದದ್ದು ಲಾಲ್‌ಬಾಗ್. ನಾವಿಬ್ಬರೂ ಈ ಊರಿನಲ್ಲೇ ಮುದುಕರಾದವರು, ಆದರೆ ಬೆಳಗಿನ ಲಾಲ್‌ಬಾಗ್ ನೋಡಿದವರಲ್ಲ. ಬೆಳಗು ಅಂದರೆ ನಮಗೆ ಮುಹೂರ್ತ. ವಾಕಿಂಗ್ ಅನ್ನುವುದು ಪೆನ್ಷನ್ ಬರುವವರ ಕೆಲಸ ಅಂದುಕೊಂಡಿದ್ದೆವು. ಆಷಾಢ ಹಿಡಿದಿತ್ತು, ಮದುವೆಗಳಿಲ್ಲ, ನಮಗೂ ಬೇರೆ ಕೆಲಸವಿಲ್ಲ. "ಬನ್ನಿ ಭಾವ, ಗಾಳಿ ಕುಡ್ಕೊಂಡ್ ಬರೋಣ" ಎಂದು ಹೊರಡಿಸಿದೆ. ಅಟ್ಟದ ಮೇಲಿನ ಚೀಲವನ್ನು ನಾನೇ ಹೆಗಲಿಗೆ ಹಾಕಿಕೊಂಡೆ. ಅವರು ನೋಡಿ, ಚಪ್ಪಲಿ ಮೆಟ್ಟಿಕೊಂಡರು.

ಎಂಥ ಜಾಗ ಅದು ಮಾರಾಯರೆ. ವೆಸ್ಟ್ ಗೇಟಿನಿಂದ ಒಳಗೆ ಕಾಲಿಟ್ಟರೆ ಆಟೋಗಳ ಕಿರುಚಾಟ ಹಿಂದೆ ಬಿದ್ದುಹೋಯಿತು. ಆ ಮರಗಳ ಬುಡ ನೋಡಿ ಭಾವ ಚಪ್ಪಲಿ ಬಿಟ್ಟು ಒಂದನ್ನು ಮುಟ್ಟಿ ನಮಸ್ಕಾರ ಮಾಡಿದರು. ಕೆರೆಯ ಹತ್ತಿರ ಬಿದಿರು ಮೆಳೆಯ ಮರೆಯಲ್ಲಿ ಒಂದು ಕಲ್ಲು ಬೆಂಚು ಹಿಡಿದೆವು. ಸಣ್ಣಗೆ ಜಡಿಮಳೆ ಹನಿಯುತ್ತಿತ್ತು. ಭಾವ ಸುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಊದಿದರು. ಬಾತುಕೋಳಿಯ ಕತ್ತು ಹಿಸುಕಿದ ಹಾಗೆ ಸದ್ದು ಬಂತು. ಯಾರೂ ಇಲ್ಲ ಅಂದುಕೊಂಡ ದಾರಿಯಲ್ಲಿ ತಕ್ಷಣ ಜನ ಹುಟ್ಟಿಕೊಂಡರು. "ಯಾವ್ದೋ ಪ್ರಾಣಿಗೆ ಏನೋ ಆಗಿದೆ ಕಣ್ರೀ" ಎಂದು ಒಬ್ಬರು ಬಗ್ಗಿ ನೋಡಿದರು. ನಾನು ಗುರಾಯಿಸಿದೆ, ಹೋದರು.

ಮೂರ್ನಾಲ್ಕು ದಿನ ಹೀಗೇ ನಡೆಯಿತು. ಆಮೇಲೆ ಒಂದು ಬೆಳಿಗ್ಗೆ, ಒಂಬತ್ತು ಗಜದ ಸೀರೆಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡ ಒಬ್ಬ ಹೆಂಗಸು ನೇರವಾಗಿ ಬಂದು ನಮ್ಮ ಮುಂದೆ ನಿಂತರು. ಬೈಯಲಿಕ್ಕೇ ಬಂದಿದ್ದಾರೆ ಎಂದು ನಾನು ಮೊದಲೇ ತೋಳೇರಿಸಿದೆ.

"ನಾವೇನ್ ಮೈಕ್ ಹಾಕಿದೀವಾ ಅಮ್ಮ? ಲಾಲ್‌ಬಾಗ್ ಎಲ್ಲಾರ್ದೂ."

"ನಿಮ್ಮನ್ನಲ್ಲ ನಾನು ಕೇಳ್ತಿರೋದು," ಎಂದರು ಅವರು. ಭಾವನ ಕಡೆ ತಿರುಗಿ, "ಸೆಟ್ಟು ಹೊಸದಾ?" ಎಂದರು.

ಭಾವ ಬಾಯಿ ಮುಚ್ಚಿಕೊಂಡು ತಲೆಯಾಡಿಸಿದರು.

"ಊದಿದಾಗ ಮುಂದೆ ಎದ್ದು ಬರುತ್ತೆ ಅಲ್ವಾ? ನಂಗೂ ಸೆಟ್ಟೇ. ನಾನು ಆಂಡಾಳ್, ಇಲ್ಲೇ ಎನ್.ಆರ್. ಕಾಲೋನಿ. ಟೀಚರ್ ಆಗಿದ್ದೆ."

ಆಕೆ ಕೈಬೀಸಿ ತಮ್ಮ ವಾಕಿಂಗಿನ ಗುಂಪನ್ನು ಕರೆದರು. ನೋಡಿದರೆ ಅಲ್ಲಿದ್ದವರೆಲ್ಲ ಸೆಟ್ಟಿನವರೇ. ಒಬ್ಬರಿಗೆ ಮೇಲಿನದು, ಒಬ್ಬರಿಗೆ ಎರಡೂ. ಕಚೇರಿಯಲ್ಲಿ ಗುಮಾಸ್ತರಾಗಿದ್ದ ಶೀನಣ್ಣ ಎನ್ನುವವರು, ಕೇಳದಿದ್ದರೂ, ತಮ್ಮದನ್ನು ಅಂಗೈ ಮೇಲೆ ತೆಗೆದು ತೋರಿಸಿಯೇಬಿಟ್ಟರು. ಆಂಡಾಳಮ್ಮ "ಅಯ್ಯೋ ಒಳಗ್ ಹಾಕ್ಕೊಳ್ರೀ, ಕಾಗೆ ಎತ್ಕೊಂಡ್ ಹೋದೀತು" ಎಂದು ಗದರಿದರು. ಭಾವ ನಕ್ಕರು. ಆ ನಗು ನೋಡಿ ಎಷ್ಟು ದಿನವಾಗಿತ್ತು.

ಅವತ್ತಿನಿಂದ ಬಿದಿರು ಮೆಳೆಯ ಬೆಂಚು ನಮ್ಮ ಪಾಠಶಾಲೆಯಾಯಿತು. ಆಂಡಾಳಮ್ಮನ ಮೊದಲ ಅಪ್ಪಣೆ, ಊದುವುದು ಆಮೇಲೆ, ಮೊದಲು ಗಟ್ಟಿಯಾಗಿ ಓದಬೇಕು. ಹೊಸ ಹಲ್ಲಿಗೆ ನಾಲಿಗೆ ಹೊಂದಿಕೊಳ್ಳಬೇಕಂತೆ. ದಿನಾ ಪೇಪರು ತಂದು ಭಾವನ ಕೈಯಲ್ಲಿ ತರಕಾರಿ ರೇಟಿನಿಂದ ಹಿಡಿದು ನಿಧನ ವಾರ್ತೆಯವರೆಗೆ ಓದಿಸಿದರು. ಶೀನಣ್ಣನದು ಬೇರೆ ಮದ್ದು. ಅವರ ಡಾಕ್ಟರು, ಮೆತ್ತಗಿನದನ್ನು ಎರಡೂ ದವಡೆಯಲ್ಲಿ ಸಮನಾಗಿ ಅಗಿಯಿರಿ ಅಂದಿದ್ದರಂತೆ. ಅದಕ್ಕೆ ಅವರು ಗಾಂಧಿಬಜಾರಿನಿಂದ ಕಡ್ಲೆಪುರಿ ತಂದು ಎಲ್ಲರಿಗೂ ಹಂಚುತ್ತಿದ್ದರು. ಸೆಟ್ಟಿನವರೆಲ್ಲ ಸಾಲಾಗಿ ಕೂತು ಪುರಿ ಅಗಿಯುತ್ತಾ ಭಾವನ ಪಾಠ ಕೇಳುವುದು. ಭಾವ ತಮ್ಮ ಕಡೆಯಿಂದ ಪೀಪಿಯನ್ನು ಕೆರೆದು ತೆಳ್ಳಗೆ ಮಾಡಿಕೊಂಡರು. ಒಂದು ಸ್ವರ ನಿಂತಿತು. ವಾರದಲ್ಲಿ ಎರಡು ನಿಂತವು. ನಾನು ತೊಡೆಯ ಮೇಲೆ ತಾಳ ಹಾಕುತ್ತಿದ್ದೆ.

ಆಷಾಢ ಅರ್ಧ ಕಳೆದಿತ್ತು. ಒಂದು ದಿನ ಭಾವ ಹುರುಪಿನಲ್ಲಿ ಮೇಲಿನ ಸ್ಥಾಯಿಗೆ ಹೋದರು. ಸೆಟ್ಟು ಬಾಯಿಂದ ಹಾರಿ, ಎಲ್ಲರೂ ನೋಡುತ್ತಿದ್ದಂತೆಯೇ ಒದ್ದೆ ಮಣ್ಣಿಗೆ ಬಿತ್ತು. ಆಚೆ ದಾರಿಯಲ್ಲಿ ಓಡುತ್ತಿದ್ದ ಯಾರೋ ಕಿಸಕ್ಕನೆ ನಕ್ಕರು. ಭಾವ ಸೆಟ್ಟನ್ನು ಎತ್ತಿ ಜೇಬಿಗೆ ಹಾಕಿಕೊಂಡು, ನಾಗಸ್ವರವನ್ನು ಚೀಲಕ್ಕೆ ಸೇರಿಸಿ, ಗೇಟಿನ ಕಡೆ ನಡೆದರು. ಹೋಗುವ ರೀತಿ ನೋಡಿದರೆ ಇನ್ನು ವಾಪಸ್ಸು ಬರುವವರಲ್ಲ. ನಾನು ನಕ್ಕವನನ್ನು ಹುಡುಕಿ ಎರಡು ಬಿಡಬೇಕೆಂದು ಎದ್ದೆ.

"ಪುಟ್ಟಯ್ಯನವ್ರೇ," ಎಂದು ಆಂಡಾಳಮ್ಮ ಕೂತಲ್ಲಿಂದಲೇ ಕರೆದರು, ಕ್ಲಾಸಿನಲ್ಲಿ ಹೆಸರು ಕೂಗುವ ಹಾಗೆ. "ನಂದು ಎರಡನೇ ಕ್ಲಾಸಿನ ಮಕ್ಕಳ ಮುಂದೆ ಬಿದ್ದಿತ್ತು. ಮಗ್ಗಿ ಹೇಳಿಕೊಡ್ತಿದ್ದೆ. ಒಂದು ಮಗು ಹೆದ್ರಿಕೊಂಡು ಅತ್ತೇಬಿಡ್ತು. ತೊಳ್ಕೊಂಡು ಬಂದು, ಹಾಕ್ಕೊಂಡು, ಮಗ್ಗಿ ಮುಗಿಸ್ದೆ. ಅಲ್ಲಿ ನಲ್ಲಿ ಇದೆ, ನೀವೂ ತೊಳ್ಕೊಂಡು ಬನ್ನಿ."

ಭಾವ ಗೇಟಿನ ದಾರಿ ಬಿಟ್ಟು ನಲ್ಲಿಯ ಕಡೆ ಹೋದರು. ತೊಳೆದುಕೊಂಡು ಬಂದು, "ಎಲ್ಲಿಗ್ ಬಿಟ್ಟಿದ್ದೆ ನಾರಾಯಣ?" ಎಂದು ಕೇಳಿದರು. ಆಕೆಯ ಕಾಲಿಗೆ ಬೀಳಬೇಕು ಅನ್ನಿಸಿತು ನನಗೆ. ವಯಸ್ಸಿನಲ್ಲಿ ನನಗಿಂತ ಹೆಚ್ಚೇನೂ ದೊಡ್ಡವರಲ್ಲ, ಆದರೂ ಅನ್ನಿಸಿತು.

ಗಟ್ಟಿಮೇಳವನ್ನು ಭಾವ ಮುಟ್ಟಿದ್ದು ಆಷಾಢದ ಕೊನೆಗೆ. ಅವತ್ತು ಅವರು ಮುಂಚೆ ಹೇಳಲೂ ಇಲ್ಲ. ಎಲ್ಲರೂ ಪುರಿ ತಿನ್ನುತ್ತಾ ಯಾರದೋ ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದೆವು. ಭಾವ ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡು, ಒಮ್ಮೆಗೇ ಎತ್ತಿಬಿಟ್ಟರು. ಅಬ್ಬಬ್ಬಾ, ಆ ನಾದ. ಬಿದಿರಿನೊಳಗಿದ್ದ ಹಕ್ಕಿಗಳೆಲ್ಲ ಎದ್ದವು. ಮೊಣಕಾಲು ನೋವಿನವರೂ ಸೇರಿ ಎಲ್ಲರೂ ಎದ್ದು ನಿಂತರು. ಆಂಡಾಳಮ್ಮ, ಶೀನಣ್ಣ, ಉಳಿದವರು, ಒಬ್ಬರೂ ಯೋಚನೆ ಮಾಡಲಿಲ್ಲ, ಕೈಯಲ್ಲಿದ್ದ ಕಡ್ಲೆಪುರಿಯನ್ನು ಎತ್ತಿ ಮುಂದಕ್ಕೆ ಎರಚಿಬಿಟ್ಟರು. ಹುಟ್ಟಿದಾಗಿನಿಂದ ಗಟ್ಟಿಮೇಳ ಕೇಳಿದರೆ ಅಕ್ಷತೆ ಹಾಕಿದ ಕೈಗಳು ಅವು, ತಡೆಯುವುದು ಹೇಗೆ? ಎದುರಿನ ಬೆಂಚಿನಲ್ಲಿ ಒಬ್ಬ ಹುಡುಗ, ಒಬ್ಬಳು ಹುಡುಗಿ ಪಿಸುಮಾತಾಡುತ್ತಾ ಕೂತಿದ್ದರು. ಪುರಿಯೆಲ್ಲ ಅವರ ತಲೆಯ ಮೇಲೆ ಬಿತ್ತು.

ಸೆಕ್ಯೂರಿಟಿಯವನು ಲಾಠಿ ಹಿಡಿದು ಓಡಿಬಂದ.

"ಯಾರ್ದು ಮದ್ವೆ? ಇಲ್ಲಿ ತಾಳಿಗೀಳಿ ಕಟ್ಟಂಗಿಲ್ಲ, ನಡೀರಿ ನಡೀರಿ. ಹುಡ್ಗ ಹುಡ್ಗಿ ಯಾರು?"

ನಮ್ಮ ಕಣ್ಣೆಲ್ಲ ಎದುರು ಬೆಂಚಿಗೆ ಹೋದವು. ಹುಡುಗಿ ಕೂದಲಿನ ಪುರಿ ಕೊಡವಿಕೊಂಡು, "ಅಣ್ಣ, ನಮ್ದಲ್ಲ. ನಾವಿನ್ನೂ ಮನೇಲೇ ಹೇಳಿಲ್ಲ" ಎಂದಳು. ಹುಡುಗ ಕೆಂಪಗಾಗಿ ಬ್ಯಾಗು ಎತ್ತಿಕೊಂಡ. ಆಂಡಾಳಮ್ಮ ಅವರಿಬ್ಬರಿಗೂ "ಬೇಗ ಹೇಳಿ, ಶ್ರಾವಣ ಬರ್ತಿದೆ" ಎಂದರು. ಸೆಕ್ಯೂರಿಟಿಯವನಿಗೆ ವಿಷಯ ತಿಳಿಸಿ ಹೇಳುವ ಹೊತ್ತಿಗೆ ನನ್ನ ಗಂಟಲು ಹೂತುಹೋಗಿತ್ತು. ಪಾಪ, ಒಳ್ಳೆಯ ಮನುಷ್ಯ. "ಮಗಳ್ ಮದ್ವೆಗಾ ಯಜಮಾನ್ರೇ? ಸ್ವಲ್ಪ ಮೆಲ್ಲಗ್ ಊದ್ಕೊಳಿ" ಎಂದು ಹೋದ. ಗಟ್ಟಿಮೇಳವನ್ನು ಮೆಲ್ಲಗೆ ಊದುವುದು ಹೇಗೋ ಅವನಿಗೇ ಗೊತ್ತು.

ಮದುವೆಯ ಕರೆಯೋಲೆಗಳಲ್ಲಿ ಮೊದಲನೆಯದು ದೇವರಿಗೆ ಇಟ್ಟೆವು, ಎರಡನೆಯದು ಆಂಡಾಳಮ್ಮನಿಗೆ. ಶೀನಣ್ಣನಿಗೂ ಸೆಕ್ಯೂರಿಟಿಯವನಿಗೂ ಕೊಟ್ಟೆವು. ಅವನ್ನು ಕೊಟ್ಟು ಲಾಲ್‌ಬಾಗಿನಿಂದ ಹೊರಡುವಾಗ ಭಾವ ಗೇಟಿನ ಹತ್ತಿರ ನಿಂತು ಒಳಗೆ ತಿರುಗಿ ಕೈ ಮುಗಿದರು. "ಯಾವ್ ಪುಣ್ಯಾತ್ಮ ಮಾಡಿಸಿದ್ನೋ ನಾರಾಯಣ ಈ ತೋಟಾನ. ನಮ್ಮಂಥೋರು ತಪ್ಪು ತಪ್ಪಾಗಿ ಊದೋಕೂ ಜಾಗ ಇಟ್ಟಿದಾನೆ" ಎಂದರು. ಅದನ್ನು ಕೇಳಿ ನನಗೂ ಕಣ್ಣು ತುಂಬಿತು. ಅಲ್ಲಿ ನಮ್ಮನ್ನು ಯಾರೂ ನೀವು ಯಾರು, ಎತ್ತ ಎಂದು ಕೇಳಲಿಲ್ಲ. ಕೂರಿಸಿಕೊಂಡರು, ಪುರಿ ಕೊಟ್ಟರು. ಆ ಋಣ ದೊಡ್ಡದು, ತೀರಿಸುವ ದಾರಿ ನನಗೆ ಕಾಣದು.

ಮದುವೆ ಎನ್.ಆರ್. ಕಾಲೋನಿಯ ಛತ್ರದಲ್ಲಿ. ಓಲಗಕ್ಕೆ ನಮ್ಮ ಕಸುಬಿನ ಗೆಳೆಯರ ತಂಡವೇ ಬಂದಿತ್ತು. ಗಟ್ಟಿಮೇಳ ಮಾತ್ರ ಪುಟ್ಟಯ್ಯನವರದು ಎಂದು ಅವರಿಗೂ ಹೇಳಿಯಾಗಿತ್ತು, ಪುರೋಹಿತರಿಗೂ ಹೇಳಿಯಾಗಿತ್ತು. ಭಾವ ರೇಷ್ಮೆ ಪಂಚೆಯುಟ್ಟು, ಪೇಟ ಕಟ್ಟಿ, ತಮ್ಮ ಮದುವೆ ಬಿಟ್ಟರೆ ಜೀವನದಲ್ಲಿ ಮೊದಲ ಸಲ ಮಂಟಪದ ಒಳಗೆ ಕೂತರು. ಧಾರೆ ಎರೆಯುವಾಗ ಅಕ್ಕ ಹಾಲು ನೀರು ಬಿಟ್ಟಳು, ಭಾವ ಮಗಳ ಕೈಯನ್ನು ಕೈಲಾಸನ ಕೈ ಮೇಲಿಟ್ಟರು. ಎದ್ದು, ಹೇಳಿದ ಹಾಗೆಯೇ ಕೈ ಒರೆಸಿಕೊಂಡು, ನನ್ನ ಪಕ್ಕ ಬಂದು ನಿಂತು ನಾಗಸ್ವರ ಎತ್ತಿದರು.

ಪುರೋಹಿತರು ಕೈಯೆತ್ತಿದರು. "ಗಟ್ಟಿಮೇಳ, ಗಟ್ಟಿಮೇಳ."

ನಾನು ಡೋಲು ಬಾರಿಸಿದೆ. ಪಕ್ಕದಿಂದ ನಾದ ಬರಲಿಲ್ಲ. ತಿರುಗಿ ನೋಡಿದೆ. ಸೆಟ್ಟು ಇದ್ದಲ್ಲೇ ಇತ್ತು. ಭಾವನ ಗದ್ದ ನಡುಗುತ್ತಿತ್ತು, ಕಣ್ಣೀರು ಕೆನ್ನೆಯಿಂದ ಇಳಿದು ಪೀಪಿಯ ಮೇಲೆ ಬೀಳುತ್ತಿತ್ತು. ಒಂದು ತಿಂಗಳು ಲಾಲ್‌ಬಾಗಿನಲ್ಲಿ ಎಲ್ಲವನ್ನೂ ಸಾಧನೆ ಮಾಡಿದ್ದೆವು, ಅಳುವುದೊಂದನ್ನು ಬಿಟ್ಟು. ಅಳುವವನಿಗೆ ಉಸಿರೆಲ್ಲಿಂದ ಬರಬೇಕು? ತಂಡದಲ್ಲಿ ನಾಗಸ್ವರ ಊದುವ ಗೆಳೆಯ ಪರಿಸ್ಥಿತಿ ನೋಡಿ ತನ್ನ ನಾಗಸ್ವರ ಎತ್ತಿಕೊಂಡ. ಕೈಲಾಸನ ಕೈ ಆಗಲೇ ಯಶಶ್ರೀಯ ಕೊರಳ ಹಿಂದೆ ಹೋಗಿತ್ತು.

ಯಶಶ್ರೀ ಬಾಸಿಂಗ ಕಟ್ಟಿದ ತಲೆಯೆತ್ತಿ, ತಾಳಿಯನ್ನು ಕೈಯಲ್ಲಿ ಹಿಡಿದುಬಿಟ್ಟಳು.

"ಒಂದ್ನಿಮಿಷ ತಡೀರಿ. ಬೇಡ ಅಣ್ಣ, ನೀವ್ ಊದ್ಬೇಡಿ. ಅಪ್ಪ ಊದ್ಲಿ."

ನನ್ನ ಕೋಲು ನಿಂತಿತು. ಇಡೀ ಛತ್ರ ಗಪ್‌ಚಿಪ್. ಯಾರಾದರೂ ಸೀನಿದರೆ ಏನು ಗತಿ ಎಂದು ಅಕ್ಕ ಸೆರಗಿನಿಂದ ತನ್ನ ಮೂಗನ್ನೇ ಮುಚ್ಚಿಕೊಂಡಳು.

"ಮುಹೂರ್ತ ಮೀರತ್ತೆ ತಾಯಿ," ಎಂದರು ಪುರೋಹಿತರು.

"ನಮ್ಮಪ್ಪ ಎಲ್ಲಾರ ಮುಹೂರ್ತಕ್ಕೂ ಕಾದಿದಾರೆ ಸ್ವಾಮಿ. ಇವತ್ತು ಮುಹೂರ್ತ ನಮ್ಮಪ್ಪಂಗೆ ಕಾಯ್ಲಿ."

ಕೈಲಾಸ್ ತಾಳಿಯ ದಾರವನ್ನು ಹಾಗೇ ಹಿಡಿದುಕೊಂಡು ನಿಂತ. ಮಾವನ ಕಡೆ ನೋಡಿ, "ನಿಧಾನವಾಗಿ ಮಾವ, ನಾನ್ ಕಾಯ್ತೀನಿ" ಎಂದ.

ಭಾವ ಶಲ್ಯದಲ್ಲಿ ಮುಖ ಒರೆಸಿಕೊಂಡರು. ಎರಡು ಸಲ ಉಗುಳು ನುಂಗಿದರು. ಪೀಪಿಯನ್ನು ತುಟಿಗಿಟ್ಟು, ಮಗಳನ್ನೇ ನೋಡುತ್ತಾ ಊದಿದರು. ಬಂತು. ಛತ್ರದ ಮೇಲ್ಛಾವಣಿ ಕಿತ್ತುಹೋಗುವ ಹಾಗೆ ಬಂತು. ಯಶಶ್ರೀ ಕೈಬಿಟ್ಟಳು, ಕೈಲಾಸ್ ಗಂಟು ಹಾಕಿದ. ಒಂದು, ಎರಡು, ಮೂರು ಗಂಟೂ ಬಿದ್ದು ಮುಗಿದವು, ಪುರೋಹಿತರು ಸಾಕು ಸಾಕು ಎಂದು ಕೈಯಾಡಿಸಿದರು. ಭಾವ ನಿಲ್ಲಿಸಲಿಲ್ಲ. ಅಳುತ್ತಲೇ ಊದಿದರು, ಊದುತ್ತಲೇ ಅತ್ತರು. ಅವರು ನಿಲ್ಲಿಸುವ ತನಕ ನಾನೂ ನಿಲ್ಲಿಸಲಿಲ್ಲ.